ಹಾಲು ತರುವ ದಾರಿಯಲ್ಲಿ ಒಂದು ಹಿಡಿ ಜೋಳ

ಅಹಮದಾಬಾದಿಗೆ ಬಂದ ಹೊಸದರಲ್ಲಿ ಹಳೇ ಊರಿನ ಒಂದು ಪೋಳದಲ್ಲಿ ನನಗೆ ಬಾಡಿಗೆ ಕೋಣೆ ಸಿಕ್ಕಿತ್ತು. ಪೋಳ ಅಂದರೆ ನಮ್ಮ ಓಣಿಯ ಹಾಗೆ, ಆದರೆ ಇನ್ನೂ ಇಕ್ಕಟ್ಟು. ಶುರುವಿನಲ್ಲೇ ಒಂದು ದೊಡ್ಡ ಬಾಗಿಲು. ಒಳಗೆ ಗೋಡೆಗೆ ಗೋಡೆ ತಾಗಿದ ಮನೆಗಳು, ಕೆತ್ತನೆಯ ಮರದ ಕಂಬಗಳು. ಮನೆ ಮುಂದೆ ಕೂರೋಕೆ ಓಟಲೋ. ಅದು ನಮ್ಮ ಕಟ್ಟೆಯೇ. 1411ರಲ್ಲಿ ಅಹಮದ್ ಷಾ ಕಟ್ಟಿಸಿದ ಊರು ಇದು. 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಭಾರತದ ನಗರಗಳಲ್ಲಿ ಆ ಪಟ್ಟಿಗೆ ಸೇರಿದ್ದು ಇದೇ ಮೊದಲು.

ನಮ್ಮ ಪೋಳದ ಒಳಗೆ, ದಾರಿ ಎರಡಾಗುವ ಕಡೆ, ಒಂದು ಎತ್ತರದ ಕಂಬ ಇತ್ತು. ಕಂಬದ ತುದಿಯಲ್ಲಿ ಎಂಟು ಮೂಲೆಯ ಪುಟ್ಟ ಮಂಟಪ. ಅದಕ್ಕೆ ಚಾವಣಿ, ಚಾವಣಿಯ ಅಂಚಿಗೆ ಕೆತ್ತನೆ. ದೇವರ ಮಂಟಪ ಇರಬೇಕು ಅಂದುಕೊಂಡಿದ್ದೆ. ಒಳಗೆ ದೇವರಿರಲಿಲ್ಲ, ಹಕ್ಕಿಗಳಿದ್ದವು. ಇದಕ್ಕೆ ಚಬೂತರೋ ಅನ್ನುತ್ತಾರೆ. ಬರೀ ಹಕ್ಕಿಗಳು ಕೂತು ಕಾಳು ತಿನ್ನಲಿ ಅಂತ ಕಟ್ಟಿದ್ದು.

ಎದುರು ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ಎಲ್ಲರೂ ಅವರನ್ನು ಬಾ ಅಂತ ಕರೆಯುತ್ತಿದ್ದರು. ಗುಜರಾತಿಯಲ್ಲಿ ಬಾ ಅಂದರೆ ಅಮ್ಮ. ಬೆಳಿಗ್ಗೆ ಒಂದು ಕೈಯಲ್ಲಿ ಹಾಲಿನ ಪಾತ್ರೆ, ಇನ್ನೊಂದು ಕೈಯಲ್ಲಿ ಜೋಳ ಹಿಡಿದು ಹೊರಡುವರು. ಹೌದು, ಜೋಳ. ನಮ್ಮ ಗದಗಿನ ಕಡೆ ರೊಟ್ಟಿ ಮಾಡುವ ಬಿಳಿಜೋಳವೇ. ಮನೆ ಬಿಟ್ಟು ಸಾವಿರ ಕಿಲೋಮೀಟರ್ ದಾಟಿ ಬಂದವನಿಗೆ ಆ ಕಾಳು ಕಂಡು ಏನನಿಸಿರಬೇಕು, ಹೇಳಿ. ಒಂದು ದಿನ ಕೇಳಿದೆ: "ಬಾ, ದಿನಾ ತಪ್ಪದೆ ಹೇಗೆ ಹಾಕ್ತೀರಿ? ಬೇಜಾರಾಗಲ್ವಾ?" ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹಾಲು ತರೋಕೆ ಹೋಗ್ತೀನಲ್ಲ, ದಾರೀಲೇ ಇದೆ" ಅಂದರು.

ಆ ಮಾತು ಹದಿನಾಲ್ಕು ವರ್ಷದಿಂದ ನನ್ನ ಜೊತೆ ಇದೆ. ಒಳ್ಳೆಯ ಕೆಲಸ ಮಾಡೋಕೆ ದೊಡ್ಡ ಮನಸ್ಸು ಬೇಕು ಅಂತ ನಾವು ಹೇಳುತ್ತಿರುತ್ತೇವೆ. ನನಗೀಗ ಅನಿಸುವುದೇ ಬೇರೆ. ಮನಸ್ಸು ಬಹಳ ಜನರಿಗೆ ಇರುತ್ತದೆ. ಇಲ್ಲದಿರುವುದು ಜಾಗ. ದಿನಾ ಓಡಾಡುವ ದಾರಿಯಲ್ಲಿ ಒಂದು ಕಂಬ, ಒಂದು ಬಾನಿ, ಒಂದು ಮಡಕೆ ಇದ್ದರೆ ಕೈ ತಾನಾಗಿ ಹೋಗುತ್ತದೆ.

ಇದು ಗುಜರಾತಿನವರಿಗೆ ಮಾತ್ರ ಗೊತ್ತಿದ್ದ ವಿಷಯ ಅಂತ ನಾನು ಹೇಳುತ್ತಿಲ್ಲ. ನಮ್ಮೂರಿನಲ್ಲೂ ಹೀಗೇ ಇತ್ತು. ಪಡಸಾಲೆಯ ತೊಲೆಗೆ ಅಜ್ಜ ಜೋಳದ ತೆನೆಗಳ ಕಟ್ಟೊಂದನ್ನು ನೇತು ಹಾಕುತ್ತಿದ್ದ, ಗುಬ್ಬಿಗಳಿಗೆ. ಊರ ಬಾವಿಯ ಪಕ್ಕ ಕಲ್ಲಿನ ಡೋಣಿ ಇತ್ತು. ನೀರು ಸೇದಿದವರು ಕೊನೆಯ ಕೊಡವನ್ನು ಅದಕ್ಕೆ ಸುರಿದು ಹೋಗುತ್ತಿದ್ದರು. ಸಂಜೆ ಹೊಲದಿಂದ ಬರುವ ದನಗಳು ಅಲ್ಲೇ ನಿಂತು ಕುಡಿಯುತ್ತಿದ್ದವು. ಬೇಸಿಗೆ ಬಂದರೆ ಬೇವಿನ ಮರದ ಕೆಳಗೆ ಅರವಟ್ಟಿಗೆ. ಎರಡು ದೊಡ್ಡ ಹರವಿ, ಸುತ್ತ ಒದ್ದೆ ಬಟ್ಟೆ, ಮೇಲೊಂದು ತಾಮ್ರದ ತಂಬಿಗೆ. ಇನ್ನು ಎಳ್ಳಮವಾಸ್ಯೆ. ಅವತ್ತು ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಮಾಡಿದ ಅಡುಗೆಯಲ್ಲಿ ಒಂದು ಪಾಲನ್ನು ಬೆಳೆಯ ಮೇಲೆಲ್ಲ ಚೆಲ್ಲುತ್ತೇವೆ. ಅದೇ ಚರಗ. ಭೂಮಿತಾಯಿಗೆ ಅಂತ ಚೆಲ್ಲುವುದು. ತಿನ್ನುವುದು ಹಕ್ಕಿ, ಇರುವೆ, ಹುಳ. ನಾವು ಊಟಕ್ಕೆ ಕೂರುವ ಮೊದಲೇ ಅವುಗಳ ಊಟ ಆಗಬೇಕು.

ಅವ್ವ ಮೊದಲ ಸಲ ಅಹಮದಾಬಾದಿಗೆ ಬಂದಾಗ ಚಬೂತರೋ ತೋರಿಸಿದೆ. ಸ್ವಲ್ಪ ಹೊತ್ತು ತಲೆ ಎತ್ತಿ ನೋಡಿ, "ಇವರು ದಿನಾ ಚರಗ ಚೆಲ್ಲತಾರಲ್ಲೋ" ಅಂದಳು.

ಸರಿಯಾಗಿ ಹೇಳಿದಳು. ನಮ್ಮಲ್ಲಿ ವರ್ಷಕ್ಕೊಮ್ಮೆ ಉಳಿದುಕೊಂಡಿರುವುದು ಇಲ್ಲಿ ದಿನಾ ನಡೆಯುತ್ತಿದೆ. ನಮ್ಮ ಡೋಣಿಯಲ್ಲಿ ಈಗ ಪ್ಲಾಸ್ಟಿಕ್ ಕವರು ಬಿದ್ದಿರುತ್ತವೆ. ಬೇವಿನ ಮರ ರಸ್ತೆ ಅಗಲ ಮಾಡುವಾಗ ಹೋಯಿತು, ಅದರ ಜೊತೆ ಅರವಟ್ಟಿಗೆಯೂ ಹೋಯಿತು. ಊರಲ್ಲಿ ಶುದ್ಧ ನೀರಿನ ಘಟಕ ಬಂದಿದೆ. ಅದು ತುಂಬ ಒಳ್ಳೆಯದು, ಮನೆಮನೆಗೆ ಕ್ಯಾನು ಹೋಗುತ್ತದೆ. ಆದರೆ ಬಸ್ಸಿಗೆ ಕಾಯುತ್ತಾ ಬಿಸಿಲಲ್ಲಿ ನಿಂತ ಮುದುಕಿಯ ಹತ್ತಿರ ಕ್ಯಾನೂ ಇರುವುದಿಲ್ಲ, ಘಟಕಕ್ಕೆ ಹಾಕುವ ನಾಣ್ಯವೂ ಇರುವುದಿಲ್ಲ. ಅವಳಿಗೆ ಬೇಕಾದದ್ದು ಒಂದು ಲೋಟ ನೀರು, ಅದೂ ಈಗಲೇ.

ಇಲ್ಲಿ ಅಂಥ ನೀರಿನ ಜಾಗಕ್ಕೆ ಪರಬ ಅನ್ನುತ್ತಾರೆ. ಅಂಗಡಿ ಮುಂದೆ, ದೇವಸ್ಥಾನದ ಗೋಡೆಗೆ, ಬಸ್ ನಿಲ್ದಾಣದ ಪಕ್ಕ ಪರಬ ಕಾಣುತ್ತದೆ. ತೀರಿಹೋದ ಅಪ್ಪ ಅಮ್ಮನ ಹೆಸರಲ್ಲಿ ಕಟ್ಟಿಸಿದವು ಎಷ್ಟೋ. ಈ ಊರಿನ ಬಿಸಿಲು ಅಂಥದ್ದು. 2010ರ ಮೇ ತಿಂಗಳಲ್ಲಿ 46.8 ಡಿಗ್ರಿ ಮುಟ್ಟಿ, ಆ ಒಂದು ತಿಂಗಳಲ್ಲಿ ಎಂದಿಗಿಂತ ಸಾವಿರಕ್ಕೂ ಜಾಸ್ತಿ ಜನ ಸತ್ತರು. ಅದಾದ ಮೇಲೆ 2013ರಲ್ಲಿ ನಗರಪಾಲಿಕೆ ಬಿಸಿಲಿಗಾಗಿಯೇ ಒಂದು ಯೋಜನೆ ಮಾಡಿತು. ಜನರಿಗೆ ಮೊದಲೇ ಎಚ್ಚರಿಕೆ ಕೊಡುವುದು, ಆಸ್ಪತ್ರೆಗಳನ್ನು ಸಜ್ಜು ಮಾಡುವುದು, ಕುಡಿಯುವ ನೀರು ಸಿಗುವ ಹಾಗೆ ನೋಡಿಕೊಳ್ಳುವುದು, ಎಲ್ಲ ಅದರಲ್ಲಿದೆ. ಆಮೇಲೆ ತಗಡಿನ ಮತ್ತು ಸಿಮೆಂಟಿನ ಚಾವಣಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಶುರುವಾಯಿತು. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಒಳಗೆ ಮಲಗಿದ ಮಗು ಸ್ವಲ್ಪ ನೆಮ್ಮದಿಯಾಗಿ ನಿದ್ದೆ ಮಾಡುತ್ತದೆ. 2016ರ ಮೇ 20ರಂದು ಇಲ್ಲಿ 48 ಡಿಗ್ರಿ ಇತ್ತು. ಅವತ್ತು ನಾನು ಸ್ಕೂಟರ್ ನಿಲ್ಲಿಸಿ ಒಂದು ಹಾರ್ಡ್‌ವೇರ್ ಅಂಗಡಿಯ ಪರಬದಲ್ಲಿ ಮೂರು ಲೋಟ ನೀರು ಕುಡಿದೆ. ಅಂಗಡಿಯವರು ತಲೆ ಎತ್ತಿಯೂ ನೋಡಲಿಲ್ಲ. ಕುಡಿದವನು ಥ್ಯಾಂಕ್ಸ್ ಹೇಳಬೇಕು ಅನ್ನುವ ನಿರೀಕ್ಷೆಯೇ ಇರಲಿಲ್ಲ. ಅದು ನನಗೆ ಬಹಳ ಹಿಡಿಸಿತು.

ಇಲ್ಲಿಯದೆಲ್ಲ ಸರಿ ಅಂತ ನಾನು ಒಪ್ಪುವುದಿಲ್ಲ. ಪಾರಿವಾಳಕ್ಕೆ ಮೂಟೆಗಟ್ಟಲೆ ಕಾಳು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಅದರ ಹಿಕ್ಕೆ ಒಣಗಿ ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋದರೆ ಕೆಲವರ ಶ್ವಾಸಕೋಶ ಕೆಡುತ್ತದೆ. 2025ರಲ್ಲಿ ಮುಂಬೈಯ ದಾದರಿನ ಕಬೂತರ್‌ಖಾನೆ, ಅಂದರೆ ಪಾರಿವಾಳಗಳಿಗೆ ಕಾಳು ಹಾಕುವ ಜಾಗ, ಮುಚ್ಚಿದಾಗ ಆದ ಗಲಾಟೆ ಎಲ್ಲರಿಗೂ ಗೊತ್ತು. ಕಾಳು ಹಾಕುವವರು, ಕಾಯಿಲೆಗೆ ಹೆದರುವವರು, ಎರಡೂ ಕಡೆಯವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಕೆಮ್ಮುವ ಮನುಷ್ಯನ ಮಾತು ಮೊದಲು ಕೇಳಬೇಕು. ಹಳೆಯ ಚಬೂತರೋದಲ್ಲಿ ಒಂದು ಲೆಕ್ಕ ಇತ್ತು: ಒಂದು ಓಣಿ, ಒಂದು ಕಂಬ, ಹಿಡಿ ಕಾಳು. ಆ ಅಳತೆ ತಪ್ಪಿದರೆ ಒಳ್ಳೆಯದೂ ತೊಂದರೆಯಾಗುತ್ತದೆ. ನಮ್ಮ ಮನೆಯಲ್ಲಿ ನಾವು ಕಾಳು ಹಾಕುವುದಿಲ್ಲ, ಮಣ್ಣಿನ ಕುಂಡದಲ್ಲಿ ನೀರು ಮಾತ್ರ ಇಡುತ್ತೇವೆ. ದಿನಾ ತೊಳೆದು ಬದಲಾಯಿಸುತ್ತೇವೆ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ.

ಇನ್ನು ಜನವರಿಯ ಮಾತು. ಆ ತಿಂಗಳು ನನಗೆ ಎರಡೂ ಊರು ಒಟ್ಟಿಗೆ ನೆನಪಾಗುತ್ತವೆ.

ಜನವರಿ 14 ಇಲ್ಲಿ ಉತ್ತರಾಯಣ. ಇಡೀ ಊರು ಮಾಳಿಗೆ ಮೇಲೆ ಇರುತ್ತದೆ. ಆಕಾಶದ ತುಂಬ ಗಾಳಿಪಟ. ಅಷ್ಟು ಚೆಂದದ ಹಬ್ಬವನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಗಾಜಿನ ಪುಡಿ ಹಚ್ಚಿದ ದಾರ ಹಕ್ಕಿಗಳ ರೆಕ್ಕೆ ಕತ್ತರಿಸುತ್ತದೆ. ಅದಕ್ಕಾಗಿ 2017ರಿಂದ ಸರ್ಕಾರ ಕರುಣಾ ಅಭಿಯಾನ ನಡೆಸುತ್ತಿದೆ. ಹಬ್ಬದ ಆಸುಪಾಸಿನ ದಿನಗಳಲ್ಲಿ ಅಲ್ಲಲ್ಲಿ ಹಕ್ಕಿಗಳ ಚಿಕಿತ್ಸೆಯ ಕೇಂದ್ರಗಳು ತೆರೆದಿರುತ್ತವೆ. ಹಕ್ಕಿಗಳು ಹಾರಿ ಹೋಗುವ ಬೆಳಗಿನ ಹೊತ್ತು, ಗೂಡಿಗೆ ಮರಳುವ ಸಂಜೆ ಹೊತ್ತು ಪಟ ಹಾರಿಸಬೇಡಿ ಅಂತ ಕೇಳಿಕೊಳ್ಳುತ್ತಾರೆ. ಒಂದು ವರ್ಷ ಹಬ್ಬದ ಮಾರನೇ ದಿನ ನಮ್ಮ ಅಪಾರ್ಟ್‌ಮೆಂಟಿನ ಬೇವಿನ ಮರದಲ್ಲಿ ಒಂದು ಬೆಳ್ಳಕ್ಕಿ ದಾರಕ್ಕೆ ಸಿಕ್ಕಿ ತಲೆಕೆಳಗಾಗಿ ತೂಗುತ್ತಿತ್ತು. ಪ್ರಾಣಿ ಪಕ್ಷಿಗಳ ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆವು. ಬಂದ ಹುಡುಗನಿಗೆ ಇಪ್ಪತ್ತು ವರ್ಷವೂ ಇರಲಿಲ್ಲ. ದಾರ ಎಳೆಯಬೇಡಿ, ಬಾಯಿಗೆ ನೀರು ಹಾಕಬೇಡಿ ಅಂದ. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲು ಮಾಡಿ ಅದನ್ನು ಇಟ್ಟುಕೊಂಡು ಹೋದ. ಅವತ್ತು ಸಂಜೆ ನನ್ನ ಮಗ ಮತ್ತು ಅವನ ಗೆಳೆಯರು ಮಾಳಿಗೆ, ಗಿಡ, ತಂತಿಬೇಲಿ ಎಲ್ಲ ಸುತ್ತಿ ಬಿದ್ದ ದಾರ ಆರಿಸಿದರು. ತೆಂಗಿನಕಾಯಿಗಿಂತ ದೊಡ್ಡ ಉಂಡೆ ಆಯಿತು. ಈಗ ಪ್ರತಿ ವರ್ಷ ಆರಿಸುತ್ತಾರೆ. ಹಬ್ಬದಲ್ಲಿ ಅದೂ ಒಂದು ಆಟ ಆಗಿಬಿಟ್ಟಿದೆ.

ಅದೇ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ಸುತ್ತಲಿನ ಹಳ್ಳಿಗಳ ಹೆಂಗಸರು ವಾರಗಟ್ಟಲೆ ಮೊದಲೇ ರೊಟ್ಟಿ ಬಡಿಯಲು ಕೂರುತ್ತಾರೆ. ಒಂದು ಮನೆಯಿಂದ ಹತ್ತು, ಇನ್ನೊಂದು ಮನೆಯಿಂದ ನೂರು. ಕಟಕ್ ಅನ್ನುವ ಹಾಗೆ ಒಣಗಿಸಿದ ರೊಟ್ಟಿಗಳನ್ನು ಟ್ರ್ಯಾಕ್ಟರ್ ತುಂಬಿಕೊಂಡು ಮೆರವಣಿಗೆಯಲ್ಲಿ ದಾಸೋಹಕ್ಕೆ ಒಯ್ಯುತ್ತಾರೆ. ಲಕ್ಷಗಟ್ಟಲೆ ರೊಟ್ಟಿ ಸೇರುತ್ತದೆ, ಜೊತೆಗೆ ಮಾದಲಿ ಅನ್ನುವ ಸಿಹಿ. ಬಂದವರ ಹೆಸರು, ಜಾತಿ ಯಾರೂ ಕೇಳುವುದಿಲ್ಲ. ಪಂಕ್ತಿಯಲ್ಲಿ ಕೂರಿಸಿ, "ಇನ್ನೊಂದ್ ಹಾಕಸ್ಗೋರಿ" ಅಂತ ಬಲವಂತ ಮಾಡಿ ಬಡಿಸುತ್ತಾರೆ.

ಈ ಬಲವಂತ ನನಗೆ ಅಹಮದಾಬಾದಿನಲ್ಲಿ ಸಿಕ್ಕಿಲ್ಲ. ಇಲ್ಲಿ ಕೊಡುವವರು, ತಗೊಳ್ಳುವವರು ಒಬ್ಬರಿಗೊಬ್ಬರು ಕಾಣಿಸುವುದಿಲ್ಲ. ನೀರು ಇಟ್ಟು ಹೋಗುತ್ತಾರೆ, ಕುಡಿದು ಹೋಗುತ್ತಾರೆ. ತಗೊಳ್ಳುವವನಿಗೆ ಸಂಕೋಚ ಇರುವುದಿಲ್ಲ ಅನ್ನುವುದು ದೊಡ್ಡ ವಿಷಯ. ನಮ್ಮಲ್ಲಿ ಮುಖ ನೋಡಿ, ಪಕ್ಕ ಕೂರಿಸಿಕೊಂಡು, ತಾಟಿಗೆ ಬಡಿಸುತ್ತಾರೆ. ಒಂಟಿಯಾಗಿ ಇರುವವನಿಗೆ ಅದು ಅನ್ನಕ್ಕಿಂತ ಜಾಸ್ತಿ. ಪೋಳದ ಆ ಕೋಣೆಯಲ್ಲಿ ಒಬ್ಬನೇ ಇದ್ದ ಮೊದಲ ವರ್ಷ, ಹಕ್ಕಿಗಳು ಗುಂಪಾಗಿ ಕಾಳು ತಿನ್ನುವುದನ್ನು ನೋಡುತ್ತಾ ನನಗೆ ನೆನಪಾಗುತ್ತಿದ್ದದ್ದು ಆ ಪಂಕ್ತಿಯೇ. ಎರಡೂ ಬೇಕು. ಒಂದನ್ನು ಆರಿಸು ಅಂದರೆ ನನ್ನಿಂದ ಆಗುವುದಿಲ್ಲ.

ಇನ್ನೊಂದು ಮಾತು, ಚೆಂದದ ಬಗ್ಗೆ. ಹಕ್ಕಿಗೆ ಕೆತ್ತನೆ ಯಾಕೆ ಬೇಕು? ಒಂದು ತಟ್ಟೆ ಸಾಕಲ್ವಾ? ಊರಾಚೆ ಅಡಾಲಜದಲ್ಲಿ 1499ರಲ್ಲಿ ಮುಗಿದ ಮೆಟ್ಟಿಲು ಬಾವಿ ಇದೆ. ಐದು ಅಂತಸ್ತು ಕೆಳಗೆ ಇಳಿಯಬೇಕು. ಕಂಬ, ತೊಲೆ, ಗೋಡೆ, ಎಲ್ಲ ಕಡೆ ಹೂಬಳ್ಳಿ. ಮೇಲೆ ಬೆಂಕಿಯಂಥ ಬಿಸಿಲು, ಕೆಳಗೆ ತಂಪು. ವಾಘೇಲಾ ಮನೆತನದ ರೂಡಾಬಾಯಿ ರಾಣಿಯ ಹೆಸರಿನ ಬಾವಿ ಅದು. ಅದನ್ನು ನೋಡಿದಾಗಲೆಲ್ಲ ನನಗೆ ನಮ್ಮ ಲಕ್ಕುಂಡಿಯ ಮುಸುಕಿನ ಬಾವಿ ಕಣ್ಣಿಗೆ ಬರುತ್ತದೆ. ಮಾಣಿಕೇಶ್ವರ ಗುಡಿಯ ಮುಂದೆ, ಮೆಟ್ಟಿಲ ನಡುವೆ ಪುಟ್ಟ ಪುಟ್ಟ ಗುಡಿಗಳಿರುವ ಬಾವಿ. ಅದೇ ಲಕ್ಕುಂಡಿಯಲ್ಲಿ 1007ರಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಕೊಡುವುದು ಅಂದರೆ ನೀರು, ಅನ್ನದ ಹಾಗೆ ಓದುವ ಕಾವ್ಯವೂ ಸೇರುತ್ತದೆ ಅಂತ ಅವಳಿಗೆ ಅನಿಸಿತ್ತಲ್ಲ!

ಚೆಂದ ಇದ್ದರೆ ಜನ ಹತ್ತಿರ ಬರುತ್ತಾರೆ, ನಿಲ್ಲುತ್ತಾರೆ, ಕಸ ಹಾಕೋಕೆ ಹಿಂಜರಿಯುತ್ತಾರೆ. ನಮ್ಮೂರ ಡೋಣಿಯ ಮೈಮೇಲೂ ಒಂದು ಸಾಲು ಹೂವಿನ ಕೆತ್ತನೆ ಇದೆ. ಕವರುಗಳನ್ನು ತೆಗೆದರೆ ಈಗಲೂ ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಗೆಳೆಯರ ಜೊತೆ ಕೂತು ಮಾತಾಡಿದೆ. ಅರವಟ್ಟಿಗೆ ಮತ್ತೆ ಶುರು ಮಾಡೋಣ ಅಂದೆ. ಪಂಚಾಯಿತಿ ಮುಂದೆ ಇಡೋಣ ಅಂತ ಒಬ್ಬರು, ಗುಡಿ ಮುಂದೆ ಅಂತ ಇನ್ನೊಬ್ಬರು. ನಾನು ಬಾ ಹೇಳಿದ ಮಾತು ಹೇಳಿದೆ. ಬೆಳಿಗ್ಗೆ ಜಾಸ್ತಿ ಜನ ಕೊಡ ಹಿಡಿದು ಓಡಾಡುವ ದಾರಿ ಯಾವುದು ಅಂತ ಹುಡುಕಿದೆವು. ನೀರಿನ ಘಟಕದಿಂದ ಬರುವಾಗ ಬಸ್ ನಿಲ್ದಾಣ ದಾಟಿಯೇ ಬರಬೇಕು. ಅಲ್ಲೇ ನೆರಳು ಮಾಡಿ ಎರಡು ಹರವಿ ಇಟ್ಟೆವು. ಅವ್ವ ಅವಕ್ಕೆ ಸುಣ್ಣದಲ್ಲಿ ಬಳ್ಳಿ ಬರೆದಳು. ಪಾಳಿ ಹಾಕಲಿಲ್ಲ, ಯಾರ ಹೆಸರನ್ನೂ ಬರೆಯಲಿಲ್ಲ.

ಜೂನ್‌ವರೆಗೆ ಅವ್ವ ದಿನಾ ಫೋನಿನಲ್ಲಿ ಅದನ್ನೇ ಮೊದಲು ಹೇಳುತ್ತಿದ್ದಳು. "ಇವತ್ತ ಮಧ್ಯಾಹ್ನಕ್ಕ ಎರಡೂ ಖಾಲಿ. ಯಾರೋ ಮತ್ತ ತುಂಬ್ಯಾರ. ಯಾರಂತ ಗೊತ್ತಿಲ್ಲ."