ಬೀಗರ ಹೆಸರಿಗೆ ಬಿದ್ದ ಬಾಲ

ತಂಗಿಯ ಲಗ್ನಪತ್ರಿಕೆ ನಾನೇ ಡಿಸೈನ್ ಮಾಡ್ತೀನಿ ಎಂದು ಒಪ್ಪಿಕೊಂಡಿದ್ದು ನನ್ನ ಮೊದಲ ತಪ್ಪು. ಝಾಪ್ಫಿನೊ ಫಾಂಟಿಗೆ ಮರುಳಾಗಿದ್ದು ಎರಡನೆಯದು.

ಮ್ಯಾಕ್ ಕಂಪ್ಯೂಟರಿನಲ್ಲಿ ಈ ಫಾಂಟ್ ಮೊದಲೇ ಬಂದು ಕೂತಿರುತ್ತದೆ. ಜರ್ಮನಿಯ ಅಕ್ಷರ ವಿನ್ಯಾಸಕ ಹರ್ಮನ್ ಝಾಪ್ಫ್ ಅವರದು. 1944ರಲ್ಲಿ, ಯುದ್ಧದ ನಡುವೆ, ಅವರು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡ ಕೈಬರಹವೇ ಇದರ ಮೂಲ. ಆಗಿನ ಸೀಸದ ಅಚ್ಚುಮೊಳೆಗಳಿಗೆ ಇಷ್ಟುದ್ದದ ಬಾಲ, ಬಳುಕು ಹಿಡಿಸುತ್ತಿರಲಿಲ್ಲ. ಫಾಂಟ್ ಆಗಿ ಹೊರಬಂದಿದ್ದು 1998ರಲ್ಲಿ. ಹೀಗೆ 54 ವರ್ಷ ಕಾದು ಬಂದ ಅಕ್ಷರ ನನ್ನ ಕೈಗೆ ಸಿಕ್ಕು ಎರಡೇ ದಿನಕ್ಕೆ ಮರ್ಯಾದೆ ಕಳ್ಕೊಂಡಿತು.

ಅದರ ಹೆಸರನ್ನು ಅದರಲ್ಲೇ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಕೊನೆಯ ಅಕ್ಷರ ಒತ್ತಿದ್ದೇ ತಡ, ಏಳೂ ಅಕ್ಷರ ಸೇರಿ ಒಂದೇ ಚಿತ್ರವಾಗಿಬಿಡುತ್ತವೆ. ನಾನು ಅಳಿಸಿ ಅಳಿಸಿ ಟೈಪ್ ಮಾಡುತ್ತಾ ಅರ್ಧ ರಾತ್ರಿ ಕಳೆದೆ. ಪತ್ರಿಕೆ ಹಾಗೇ ಇತ್ತು.

ಈ ಅಕ್ಷರಗಳಿಗೆ ಹೊಟ್ಟೆ ಚಿಕ್ಕದು, ಕೈಕಾಲು ಜಾಸ್ತಿ. ಸಾಲಿನ ಮೇಲೆ ಕೆಳಗೆ ಧಾರಾಳ ಜಾಗ ಬೇಕು. ನಮ್ಮ ಲಗ್ನಪತ್ರಿಕೆಯಲ್ಲಿ ಖಾಲಿ ಜಾಗ ಎಲ್ಲಿಂದ ತರೋದು? ಸುಖಾಗಮನ ಬಯಸುವವರೇ 14 ಜನ. ಒಬ್ಬರ ಹೆಸರು ಬಿಟ್ಟರೂ ಅವರು ಮದುವೆಗೆ ಬರಲ್ಲ. ಅದಕ್ಕೇ ಸಾಲುಗಳನ್ನು ಒತ್ತೊತ್ತಿ ಕೂರಿಸಿದೆ. ಪ್ರೂಫನ್ನು ವಾಟ್ಸ್ಆ್ಯಪಿಗೆ ಹಾಕಿ, ಹೊಗಳಿಕೆಗೆ ಕಾದು ಕೂತೆ.

ಧಾರವಾಡದಿಂದ ದೊಡ್ಡಪ್ಪನ ಫೋನ್ ಬಂತು.

‘ತಮ್ಮಾ, ಬೀಗರು ಫೋನ್ ಮಾಡಿದ್ರು. ನಮ್ಮ ಹೆಸರು ಯಾಕ ಹೊಡದ್ ಹಾಕೀರಿ ಅಂತ ಕೇಳಾಕತ್ತಾರ.’

ಜೂಮ್ ಮಾಡಿದೆ. ಇಂಗ್ಲಿಷ್ ಪುಟದಲ್ಲಿ ಬೀಗರ ಹೆಸರಿನ ಮೇಲಿನ ಸಾಲಿನಲ್ಲಿ ‘ಓನ್ಲಿ ಸನ್ ಆಫ್’ ಎಂದಿತ್ತು. ಆ ‘ಓನ್ಲಿ’ಯ ಕೊನೆಯ ವೈ ಅಕ್ಷರದ ಬಾಲ ಕೆಳಗಿಳಿದು, ಎಡಕ್ಕೆ ಹೊರಳಿ, ಬೀಗರ ಹೆಸರಿನ ನಟ್ಟನಡುವೆ ಹಾದುಹೋಗಿತ್ತು. ಮೇಷ್ಟ್ರು ತಪ್ಪುತ್ತರಕ್ಕೆ ಎಳೆಯುವ ಗೆರೆಯ ಹಾಗೆ. ಸಾಲದ್ದಕ್ಕೆ ‘ಆಫ್’ನ ಬಾಲ ಅವರ ಇನಿಷಿಯಲ್ಲಿಗೂ ಒಂದು ಚುಚ್ಚು ಕೊಟ್ಟಿತ್ತು.

ಗಾಬರಿಯಲ್ಲಿ ಇಡೀ ಫೈಲ್ ಸೆಲೆಕ್ಟ್ ಮಾಡಿ, ಅಂತರ ಹೆಚ್ಚಿಸಿ, ಎಲ್ಲಕ್ಕೂ ಝಾಪ್ಫಿನೊ ಫಾಂಟನ್ನು ಇನ್ನೊಮ್ಮೆ ಒತ್ತಿ ಕಳಿಸಿದೆ. ಆ ಫೈಲಿನಲ್ಲೇ ದೊಡ್ಡಪ್ಪ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದ ಕನ್ನಡದ ಪುಟವೂ ಇತ್ತು. ಹಳೇ ನುಡಿ ಫಾಂಟಿನಲ್ಲಿ ಕಣ್ಣಿಗೆ ಕಾಣೋದು ಕನ್ನಡ, ಒಳಗಿರೋದೆಲ್ಲ ಇಂಗ್ಲಿಷ್ ಅಕ್ಷರ. ಫಾಂಟ್ ಬದಲಾದರೆ ವೇಷ ಕಳಚುತ್ತದೆ. ಶ್ರೀಕಾರ ಇದ್ದಲ್ಲಿ ಎರಡರ ಒಂದು ಪುಟ್ಟ ಅಂಕಿ, ಅಂಟಿಕೊಂಡ ಎ-ಇ ಜೋಡಿ, ತಲೆ ಮೇಲೆ ಅಲೆ ಹೊತ್ತ ಒಂದು ಎ. ಕುಲದೇವರ ಹೆಸರಂತೂ ಬರೀ ಸುರುಳಿ.

‘ಇದು ಹಳೇ ಮರಾಠಿ ಮೋಡಿ ಲಿಪಿ ಏನೋ? ನಮ್ಮಪ್ಪನ ಹೊಲದ ಕಾಗದ ಹಿಂಗ ಇದ್ವು’ ಅಂದರು ದೊಡ್ಡಪ್ಪ. ‘ಅವನ್ನ ಓದವ್ರರ ಒಬ್ರು ಇದ್ರು.’

ಕೊನೆಗೆ ವಧೂವರರ ಹೆಸರಿಗಷ್ಟೇ ಝಾಪ್ಫಿನೊ ಉಳಿಯಿತು, ಸುತ್ತ ಎರಡು ಬೆರಳು ಜಾಗ ಬಿಟ್ಟು. ಉಳಿದಿದ್ದೆಲ್ಲ ಸೀದಾ ಸಾದಾ ಅಕ್ಷರ.

ಅಚ್ಚಾದ ಪತ್ರಿಕೆಯನ್ನು ಬೀಗರಿಗೆ ನಾನೇ ಕೊಟ್ಟೆ. ಅವರು ಚಾಳೀಸು ಏರಿಸಿಕೊಂಡು, ತಮ್ಮ ಹೆಸರಿನ ಮೇಲೆ ಹೆಬ್ಬೆರಳಿನಿಂದ ಎರಡು ಸಲ ಉಜ್ಜಿದರು.

‘ಇಲ್ಲೊಂದು ಕರೀ ಚುಕ್ಕಿ ಐತಲ್ಲ?’

‘ಅದು ಐ ಅಕ್ಷರದ ಮೇಲಿನ ಚುಕ್ಕಿ ರೀ. ನಿಮ್ಮ ಹೆಸರಿಂದೇ’ ಅಂದೆ.