ಯಾರ ಮಕ್ಕಳು?

ಊರಿಗೆ ಹೋದರೆ ಅರಳಿಕಟ್ಟೆಯ ಹಿರಿಯರು ನನ್ನ ಹೆಸರು ಕೇಳುವುದಿಲ್ಲ. "ಯಾರ ಮಗನಪ್ಪಾ ನೀನು?" ಎನ್ನುತ್ತಾರೆ. ಅಪ್ಪನ ಹೆಸರು ಹೇಳಿದರೆ ಸಾಲದು, ತಾತನವರೆಗೂ ಹೋಗಬೇಕು. ತಾತ ಗುರುತಿಗೆ ಸಿಕ್ಕ ಮೇಲೆ ಕಟ್ಟೆಯ ಮೇಲೆ ಜಾಗವೂ ಸಿಗುತ್ತದೆ. ನನ್ನ ಹೆಸರು ಮಾತ್ರ ಕಡೆಯವರೆಗೂ ಯಾರಿಗೂ ಬೇಕಾಗುವುದಿಲ್ಲ.

ಈ ಪ್ರಶ್ನೆಗೆ ಊರೇ ಉತ್ತರ ಹೇಳುವ ಸೀಮೆಯೊಂದು ನೈಜೀರಿಯಾದಲ್ಲಿದೆ. ದಕ್ಷಿಣದ ರಿವರ್ಸ್ ರಾಜ್ಯದ ಪೋರ್ಟ್ ಹಾರ್ಕೋರ್ಟ್ ನಗರ ಮತ್ತು ಅದರ ಸುತ್ತಮುತ್ತ ಇಕ್ವೆರೆ ಜನರ ನೆಲೆ. ಮೊಬೈಲಿನಲ್ಲಿ ನಕ್ಷೆ ತೆರೆದು ಬೆರಳಿನಿಂದ ಹಿಗ್ಗಿಸುತ್ತ ಹೋದರೆ ರುಮುಒಕೊರೊ, ರುಮುಓಲಾ, ರುಮುಒಮಾಸಿ, ರುಮುಒಕ್ವುಟಾ, ರುಮುಎಮೆ... 'ರುಮು' ಎಂದರೆ ಮಕ್ಕಳು, ಸಂತತಿ. ರುಮುಒಕೊರೊ ಎಂದರೆ ಒಕೊರೊನ ಮಕ್ಕಳು. ಹೆಗ್ಗೆಣಸು ಬೆಳೆಯುತ್ತಿದ್ದ ರೈತರ ಊರುಗಳಿವು.

ಬ್ರಿಟಿಷರು ಒಳನಾಡಿನ ಎನುಗುವಿನ ಕಲ್ಲಿದ್ದಲನ್ನು ಹಡಗಿಗೆ ತುಂಬಲು ಈ ನೆಲದ ಅಂಚಿನಲ್ಲಿ ಬಂದರು ಕಟ್ಟಿದರು. 1913ರಲ್ಲಿ ಅದಕ್ಕೆ ತಮ್ಮ ವಸಾಹತು ಮಂತ್ರಿ ಲೂಯಿಸ್ ಹಾರ್ಕೋರ್ಟ್‌ನ ಹೆಸರಿಟ್ಟರು. ಮುಂದೆ ನಗರ ಹೊಲಗಳನ್ನೆಲ್ಲ ನುಂಗಿತು. ಹೆಸರುಗಳು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡವು. ಒಕೊರೊನ ಮಕ್ಕಳು ಇಂದು ಒಂದು ಸಂತೆಯ ಗದ್ದಲ, ಅದರ ಮೇಲೊಂದು ಫ್ಲೈಓವರ್.

ನನ್ನನ್ನು ಕಾಡುವುದು 'ರುಮು'ವಿನ ಮೊದಲಕ್ಷರ. ಇಂಥ ಎಷ್ಟೋ ಊರುಗಳನ್ನು ಹಿಂದೆ 'ಉಮು' ಎಂದು ಬರೆಯುತ್ತಿದ್ದರು. ಪಕ್ಕದ ಇಗ್ಬೊ ಭಾಷೆಯಲ್ಲೂ ಮಕ್ಕಳಿಗೆ ಉಮು ಎಂದೇ ಹೆಸರು. ಭಾಷಾಶಾಸ್ತ್ರಜ್ಞರು ಎರಡು ನುಡಿಗಳನ್ನೂ ಒಂದೇ ಬಳ್ಳಿಯಲ್ಲಿ ಕಟ್ಟುತ್ತಾರೆ. ಇಕ್ವೆರೆಯವರಲ್ಲಿ ಬಹಳ ಜನ "ನಾವೇ ಬೇರೆ" ಎನ್ನುತ್ತಾರೆ. 1967ರಲ್ಲಿ ಇಗ್ಬೊಗಳೇ ಹೆಚ್ಚಾಗಿದ್ದ ಪೂರ್ವ ಸೀಮೆ ಬಿಯಾಫ್ರಾ ಎಂಬ ಹೆಸರಿನಲ್ಲಿ ನೈಜೀರಿಯಾದಿಂದ ಸಿಡಿದು ನಿಂತಾಗ ಈ ಮಾತಿಗೆ ರಕ್ತದ ಬೆಲೆ ಬಂತು. ಆಲೂ ಊರಿನ ಇಕ್ವೆರೆ ಕಾದಂಬರಿಕಾರ ಎಲೆಚಿ ಅಮಾಡಿಯವರನ್ನು ಬಿಯಾಫ್ರಾ ಸರ್ಕಾರ ಸೆರೆಯಲ್ಲಿಟ್ಟಿತ್ತು. 1970ರಲ್ಲಿ ಬಿಯಾಫ್ರಾ ಸೋತು ಯುದ್ಧ ಮುಗಿದ ಮೇಲೆ ಊರಿನ ಫಲಕಗಳಿಗೆ ರಕಾರ ಬಂದು ಸೇರಿತು. ಸೋತವರ ನೆಂಟಸ್ತಿಕೆಗೆ ಹೆದರಿ ಹಾಕಿಕೊಂಡ ಮುಖವಾಡ ಇದು ಎಂದು ಇಗ್ಬೊಗಳಲ್ಲಿ ಕೆಲವರು ಮೂದಲಿಸುತ್ತಾರೆ. ನಮ್ಮ ನಾಲಗೆಯ ಮೇಲೆ ಮೊದಲಿನಿಂದಲೂ ರುಮುವೇ ಇತ್ತು, ತಪ್ಪು ಬರೆದವರು ಹೊರಗಿನ ಗುಮಾಸ್ತರು ಎಂಬುದು ಇಕ್ವೆರೆಯವರ ಉತ್ತರ. ನನಗೆ ಈ ಎರಡನೆಯ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ ಎನ್ನಿಸುತ್ತದೆ. ಊರಿನ ಹೆಸರನ್ನು ತಮ್ಮ ಕಿವಿಗೆ ಬಿದ್ದಂತೆ ಬರೆದುಕೊಂಡು ಹೋಗುವ ಗುಮಾಸ್ತರು ಯಾವ ದೇಶದಲ್ಲಿಲ್ಲ?

ಇಂಗ್ಲಿಷಿನಲ್ಲಿ ಈ ರಕಾರ ಮುಂದೆ ಬಂದು ನಿಂತ ಹೆಚ್ಚುವರಿ ಅಕ್ಷರ, ಬಾಗಿಲಿಗೆ ಹಾಕಿದ ಚಿಲಕದಂತೆ ಕಾಣುತ್ತದೆ. ಕನ್ನಡದಲ್ಲಿ ಬರೆದು ನೋಡಿದೆ: ಉಮು, ರುಮು. ಎರಡೂ ಎರಡೇ ಅಕ್ಷರ. ಹೊಸದಾಗಿ ಯಾರೂ ಬಂದಿಲ್ಲ, 'ಉ' ಇದ್ದ ಜಾಗದಲ್ಲಿ 'ರು' ಕುಳಿತಿದೆ, ಉಕಾರ ಅದರ ಕೊಂಬಿನಲ್ಲಿ ಹಾಗೇ ಇದೆ. ನಮ್ಮಲ್ಲೂ ಹಕಾರ ಬಿದ್ದುಹೋಗಿ ಹಾಸನ 'ಆಸನ'ವಾಗುವುದುಂಟು. ಮೇಷ್ಟರು ಬೈಯುತ್ತಾರೆ, ಅಲ್ಲಿಗೆ ಮುಗಿಯಿತು.

ನಕ್ಷೆ ಮುಚ್ಚುವ ಮೊದಲು ಇನ್ನೊಂದು ಹೆಸರು ಕಣ್ಣಿಗೆ ಬಿತ್ತು. ನಗರದೊಳಗೇ ಇರುವ ಬಡಾವಣೆ, ಬಸ್ಸುಗಳು ನಿಲ್ಲುವ ಜಾಗ. ಮುಂದೆ ಇಕ್ವೆರೆಯ ರುಮು, ಹಿಂದೆ ಬೇರೆ ಯಾವುದೂ ಅಲ್ಲ, ಇಗ್ಬೊ: ರುಮುಇಗ್ಬೊ. ನಮ್ಮ ಕಟ್ಟೆಯ ಹಿರಿಯರು ಅಲ್ಲಿ ಇಳಿದು "ಯಾರ ಮಕ್ಕಳಪ್ಪಾ ನೀವು?" ಎಂದು ಕೇಳಿಬಿಟ್ಟರೆ, ವಾಪಸ್ಸು ಹೊರಡುವ ಕಡೆಯ ಬಸ್ಸು ತಪ್ಪಿದಂತೆಯೇ.