ಬಚ್ಚಲು ನೀರಿನ ಬಸಳೆ

ಮೇ ತಿಂಗಳ ಉತ್ತರಾರ್ಧದಲ್ಲಿ ದಕ್ಷಿಣ ಕನ್ನಡದ ಹಳೆಯ ಮನೆಗಳ ಹಿತ್ತಲಿಗೆ ಹೋದರೆ ಕಣ್ಣಿಗೆ ಬೀಳುವ ಹಸಿರು ಹೆಚ್ಚಾಗಿ ಒಂದೇ, ಬಚ್ಚಲುಮನೆಯ ಹಿಂದಿನ ಬಸಳೆ ಚಪ್ಪರ. ಬಾವಿಯ ನೀರು ತಳ ಕಂಡಿರುತ್ತದೆ, ಹರಿವೆ ಬೀಜಕ್ಕೆ ಬಿಟ್ಟು ಒಣಗಿರುತ್ತದೆ, ಬದನೆ ಗಿಡದಲ್ಲಿ ಎಲೆಗಿಂತ ಕಡ್ಡಿಯೇ ಹೆಚ್ಚು ಕಾಣುತ್ತದೆ. ಬಸಳೆ ಮಾತ್ರ ಹೆಬ್ಬೆರಳು ಗಾತ್ರದ ದಂಟನ್ನೂ ಅಂಗೈಯಗಲದ ಎಲೆಗಳನ್ನೂ ಹೊತ್ತು, ಊರಿನ ಬರಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಹಬ್ಬಿರುತ್ತದೆ. ಬೇಸಗೆಯ ಕೊನೆಯಲ್ಲಿ ಹಿತ್ತಲು ಬರಡು ಎನ್ನುವವರು ಈ ಮೂಲೆಯನ್ನು ಸರಿಯಾಗಿ ನೋಡಿದವರಲ್ಲ. ವರ್ಷದ ಬೇರಾವ ಕಾಲದಲ್ಲಿಯೂ ಅಲ್ಲಿ ಇಷ್ಟೊಂದು ಸಂದಣಿ ಇರುವುದಿಲ್ಲ.

ಎಲ್ಲಕ್ಕೂ ಮೂಲ ಬಚ್ಚಲು ನೀರು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ಮೀಯುವ ಕಲ್ಲು, ಗೋಡೆಯ ಬುಡದಲ್ಲೊಂದು ಕಂಡಿ, ಅಲ್ಲಿಂದ ಹೊರಟ ಕಿರುಗಾಲುವೆ ಮೊದಲು ಕೆಸುವಿಗೆ, ಆಮೇಲೆ ಬಾಳೆಗೆ, ಕೊನೆಗೆ ಬಸಳೆಯ ಬುಡಕ್ಕೆ. ಒಲೆಯ ಬೂದಿಯೂ ಹೋಗಿ ಸೇರುವುದು ಅಲ್ಲಿಗೇ. ಈ ಏರ್ಪಾಡಿನ ಚಂದವೆಂದರೆ ಬಾವಿ ಬತ್ತುವ ಹೊತ್ತಿಗೇ ಮನೆಯಲ್ಲಿ ಮೀಯುವವರ ಸಂಖ್ಯೆ ಏರುವುದು. ಶಾಲೆಗೆ ರಜೆ, ಸಾಲು ಸಾಲು ಮದುವೆ, ಮುಂಬಯಿಯಿಂದ ಬಂದ ದೊಡ್ಡಪ್ಪನ ಸಂಸಾರ, ಹಲಸಿನ ಹಪ್ಪಳಕ್ಕೆಂದು ಬಂದು ಉಳಿದ ಚಿಕ್ಕಮ್ಮಂದಿರು. ಹೀಗೆ ಮನೆ ತುಂಬಿದಷ್ಟೂ ಚಪ್ಪರ ದಟ್ಟವಾಗುತ್ತಿತ್ತು. ನಮ್ಮಜ್ಜಿ ನೆಂಟರನ್ನು ಪ್ರೀತಿಸುತ್ತಿದ್ದುದರಲ್ಲಿ ಬಸಳೆಯ ಪಾಲೆಷ್ಟು ಎಂದು ನನಗೆ ಇಂದಿಗೂ ಅನುಮಾನವಿದೆ. ತೋಡಿನಲ್ಲಿಯೇ ಮಿಂದು ಬಂದ ಹುಡುಗರನ್ನು ಅವರು, ಕಾಲು ತೊಳೆಯುವ ನೆಪ ಹೇಳಿಯಾದರೂ, ಮತ್ತೊಮ್ಮೆ ಬಚ್ಚಲಿಗೆ ಅಟ್ಟುತ್ತಿದ್ದರು. ಸಂಜೆ ಅದೇ ಬಸಳೆ ಹಲಸಿನ ಬೀಜದೊಡನೆ ಬೆಂದು, ಅರೆದ ತೆಂಗಿನಕಾಯಿ ಸೇರಿ, ಎಲ್ಲರ ತಟ್ಟೆಗೆ ಬರುತ್ತಿತ್ತು.

ಆ ಕಾಲುವೆಯ ಅಂಚಿನಲ್ಲಿ ಬೆಳಗಿನ ಸ್ನಾನಗಳೆಲ್ಲ ಮುಗಿದ ಮೇಲೆ, ಬಿಸಿಲೇರುವ ಹೊತ್ತಿಗೆ ಕುಳಿತು ನೋಡಬೇಕು. ಒದ್ದೆ ಮಣ್ಣಿನ ಮೇಲೆ ಚಿಟ್ಟೆಗಳು ರೆಕ್ಕೆ ಮಡಚಿ ಗುಂಪಾಗಿ ಕುಳಿತಿರುತ್ತವೆ. ಇವುಗಳಲ್ಲಿ ಹೆಚ್ಚಿನವು ಗಂಡುಗಳು. ಹೂವಿನ ಮಕರಂದದಲ್ಲಿ ಸಾಲದ ಉಪ್ಪಿನಂಶವನ್ನು ಮಣ್ಣಿನಿಂದ ಹೀರಿಕೊಳ್ಳುತ್ತವೆ, ಮಿಲನದ ವೇಳೆ ಅದರಲ್ಲೊಂದು ಪಾಲನ್ನು ಹೆಣ್ಣಿಗೆ ದಾಟಿಸುತ್ತವೆ. ಮನುಷ್ಯರ ಮೈಯ ಬೆವರು ತೊಳೆದ ನೀರು ಅವುಗಳಿಗೆ ರುಚಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಅವುಗಳ ನಡುವೆಯೇ ಸೊಂಟವೇ ಇಲ್ಲವೆನ್ನುವಷ್ಟು ಸಪುರವಾದ ಕಣಜವೊಂದು ಇಳಿಯುತ್ತದೆ. ಕೆಸರಿನ ಮೇಲೆ ತಲೆಯೂರಿ, ಝುಂಯ್ಯೆಂದು ಸದ್ದು ಮಾಡುತ್ತ, ದವಡೆಯಲ್ಲಿ ಮಣ್ಣನ್ನು ಉಂಡೆ ಕಟ್ಟಿ ಎತ್ತಿಕೊಂಡು ನೇರವಾಗಿ ಮನೆಯ ಮಾಡಿನ ಪಕ್ಕಾಸಿನತ್ತ ಹಾರುತ್ತದೆ. ಅಲ್ಲಿ ಉಂಡೆಯ ಮೇಲೆ ಉಂಡೆ ಮೆತ್ತಿ ಗೂಡು ಮಾಡಿ, ಕುಟುಕಿ ನಿಶ್ಚೇಷ್ಟಿತಗೊಳಿಸಿದ ಜೇಡಗಳನ್ನು ಅದರೊಳಗೆ ತುಂಬಿ, ಮೊಟ್ಟೆಯಿಟ್ಟು, ಬಾಯಿ ಮುಚ್ಚುತ್ತದೆ. ಸಾಯದ, ಆದರೆ ಅಲುಗಲೂ ಆರದ ಆ ಜೇಡಗಳು ಮರಿಗೆ ತಾಜಾ ಊಟ. ನಮ್ಮ ಮಾಡಿನಲ್ಲಿದ್ದ ಅಂಥ ಗೂಡುಗಳೆಲ್ಲ ಆ ಕಾಲುವೆಯ ಮಣ್ಣಿನವೇ ಆಗಿರಬೇಕು.

ಹಕ್ಕಿಗಳಿಗೂ ಸರದಿಯುಂಟು. ಮಡಿವಾಳ ಹಕ್ಕಿ ಒಂಟಿಯಾಗಿ ಬಂದು ಮಿಂದು ಬಾಲ ನಿಮಿರಿಸಿ ಹೋದರೆ, ಹರಟೆಮಲ್ಲಗಳು ಕುಟುಂಬಸಮೇತ ಬಂದು ಜಗಳವಾಡುತ್ತಲೇ ಮೀಯುತ್ತವೆ. ಪಿಕಳಾರಗಳ ಕಣ್ಣು ಬಸಳೆಯ ಹಣ್ಣಿನ ಮೇಲೆ. ಆ ಕಡುನೇರಳೆ ಹಣ್ಣುಗಳಿಗಾಗಿ ಅವುಗಳಿಗೂ ನಮಗೂ ಪೈಪೋಟಿಯಿತ್ತು, ಏಕೆಂದರೆ ಹಿಂಡಿದರೆ ಅದರ ರಸ ಒಳ್ಳೆಯ ಶಾಯಿ. ಚಳಿಗಾಲವಿಡೀ ಈ ತೇವದಲ್ಲಿ ತರಗೆಲೆ ಕೆದಕುತ್ತಿದ್ದ ನವರಂಗ ಮಾತ್ರ ಈ ಹೊತ್ತಿಗೆ ಕಾಣದು. ಗೂಡು ಕಟ್ಟಲು ಅದು ಮಧ್ಯ ಭಾರತದ ಕಾಡುಗಳಿಗೋ ಹಿಮಾಲಯದ ತಪ್ಪಲಿಗೋ ಹೋಗಿರುತ್ತದೆ. ಅದರ ಜಾಗದಲ್ಲಿ ಕತ್ತು ಕೆಂಪಾದ ಗಂಡು ಓತಿಕ್ಯಾತ ಬೇಲಿಗೂಟದ ಮೇಲೆ ದಂಡ ಹೊಡೆಯುತ್ತ ಕುಳಿತಿರುತ್ತದೆ. ಕೆಸುವಿನ ಬುಡದ ಕಪ್ಪೆಗಳನ್ನು ಹುಡುಕಿಕೊಂಡು ಕೇರೆ ಹಾವು ಬಂದಾಗ ಮಕ್ಕಳು ಕಿರುಚಿದರೆ, "ಅದು ಇಲಿ ಹಿಡಿಯುವ ಹಾವು, ಅದರ ಪಾಡಿಗೆ ಬಿಡಿ" ಎಂದು ಅಜ್ಜಿ ಕೆಲಸ ಮುಂದುವರಿಸುತ್ತಿದ್ದರು. ಅಡುಗೆಮನೆಯ ಒಲೆಯ ಮೇಲೆ ಹೊಗೆಗೆ ಕಟ್ಟಿದ ಹೀರೆಕಾಯಿಯ ಬೀಜ ಮುಂಗಾರಿನವರೆಗೆ ಉಳಿಯಬೇಕಾದರೆ ಇಲಿ ಕಡಿಮೆಯಾಗಲೇಬೇಕಲ್ಲ.

ಈಗ ಹೊಸ ಮನೆಗಳಲ್ಲಿ ಸ್ನಾನದ ನೀರು ಪೈಪಿನೊಳಗೆ ಇಳಿದು ನೇರವಾಗಿ ಗುಂಡಿಗೆ ಹೋಗುತ್ತದೆ, ಬಸಳೆಗೆ ಬೋರ್‌ವೆಲ್ಲಿನ ನೀರನ್ನು ಪಂಪು ಹಚ್ಚಿ ಬಿಡಲಾಗುತ್ತದೆ. ಇದನ್ನು ಅನುಕೂಲವೆಂದು ಕರೆಯುವುದು ನನ್ನಿಂದಾಗದು. ಸೀಗೆಕಾಯಿ, ಕಡಲೆಹಿಟ್ಟಿನ ಕಾಲದ ನೀರು ಬೇರೆ, ಶಾಂಪೂವಿನ ನೊರೆ ಬೇರೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೂ ನಮ್ಮ ಮನೆಯಲ್ಲಿ ಪೈಪನ್ನು ಗೋಡೆಯಾಚೆಗೇ ನಿಲ್ಲಿಸಿ ಹಳೆಯ ಕಾಲುವೆಗೆ ಕೂಡಿಸಿದ್ದೇವೆ, ಕೆಸು ಮತ್ತು ಬಾಳೆಯನ್ನು ಮುಂದೊಡ್ಡಿ ಬಸಳೆಯನ್ನು ಕೊನೆಗೆ ಇಟ್ಟಿದ್ದೇವೆ.

ಪತ್ತನಾಜೆ, ಅಂದರೆ ಮೇ 24ರ ಆಸುಪಾಸು, ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಚಪ್ಪರ ಬಿಚ್ಚುವುದಕ್ಕೂ ಅದೇ ಗಡುವು ಎಂಬುದು ಚಿಕ್ಕಮ್ಮನ ವಾದ. ಮಳೆ ಹಿಡಿದರೆ ಎಲೆಯ ತುಂಬ ಕೆಂಪು ಚುಕ್ಕೆ ಬರುತ್ತದೆ, ಆದ್ದರಿಂದ ಬಳ್ಳಿ ಕತ್ತರಿಸಿ, ಬುಡದ ತುಂಡುಗಳನ್ನು ಕಾಪಿಟ್ಟು, ಗೂಟಗಳನ್ನು ಹೀರೆಗೂ ಮುಳ್ಳುಸೌತೆಗೂ ಕೊಡಬೇಕು. ಮೃಗಶಿರ ಹೊಡೆಯುವವರೆಗೂ ಕೊಯ್ಯಬಹುದು, ಅವಸರವೇನು ಎಂಬುದು ಚಿಕ್ಕಪ್ಪನ ವಾದ. ಈ ಸಲ ಚಪ್ಪರದ ಮೂಲೆಯಲ್ಲಿ ಸೂರಕ್ಕಿಯೊಂದು ನಾರು, ತೊಗಟೆಯ ಚೂರುಗಳನ್ನು ಜೇಡರ ಬಲೆಯಿಂದ ಬಿಗಿದು ಜೋಲುಗೂಡು ಕಟ್ಟಿರುವುದರಿಂದ ಚಿಕ್ಕಪ್ಪನ ಪಕ್ಷಕ್ಕೆ ಬಲ ಬಂದಿದೆ. ಚಿಕ್ಕಮ್ಮ ಆ ಮೂಲೆಯ ಎರಡು ಗೂಟಗಳನ್ನಷ್ಟೇ ಬಿಟ್ಟುಕೊಟ್ಟಿದ್ದಾರೆ.